ಜಂಬಣ್ಣನ ಅರವಟ್ಟಿಗೆ

ಮಕ್ಕಳೇ, ಬಂಡೆಗುಡ್ಡದ ಕಾಡಿನಲ್ಲಿ ಜಂಬಣ್ಣ ಎಂಬ ಕರಡಿ ಇಪ್ಪೆ ಹೂವಿನ ಹೆಂಡ ಮಾರುತ್ತಿದ್ದ. ಮನಸ್ಸು ಮೆತ್ತಗೆ, ಮಾತು ಜೇನು. ಅವನ ಹೆಂಡ ಕುಡಿದವರ ಕಾಲು ಮಾತ್ರ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಅಲ್ಲೇ ಹುಣಸೆಮರದಲ್ಲಿ ಚೂಟಿ ಎಂಬ ಅಳಿಲು, ಅವಳ ಗಂಡ ಕೆಂಚ, ಮೂರು ಮರಿಗಳು ಇದ್ದರು. ಹಿಂದೊಮ್ಮೆ ಕುಡಿದು ಕೊಂಬೆಯಿಂದ ಬಿದ್ದಿದ್ದ ಕೆಂಚ, ಮರಿಗಳ ತಲೆ ಮುಟ್ಟಿ ಆಣೆ ಮಾಡಿ ಹೆಂಡ ಬಿಟ್ಟಿದ್ದ.

ಆ ಬೇಸಿಗೆಯಲ್ಲಿ ಹಳ್ಳ ಬತ್ತಿಹೋಯಿತು. ಜಂಬಣ್ಣ ದೂರದ ಬಂಡೆಯ ದೊಣೆಯಿಂದ ನೀರು ಹೊತ್ತು ತಂದು ಅರವಟ್ಟಿಗೆ ಇಟ್ಟ. ಎಲ್ಲರಿಗೂ ಪುಕ್ಕಟೆ ನೀರು!

ಕಾಡಿನ ಹಿರಿಯನಾದ ನವಿಲಪ್ಪ ಅವನ ಕೊರಳಿಗೆ ಹೂವಿನ ಹಾರ ಹಾಕಿದ. "ನಮ್ಮ ಜಂಬಣ್ಣ ಧರ್ಮಾತ್ಮ! ಇನ್ನು ಅವನ ಹೆಂಡದ ಬಗ್ಗೆ ಯಾರೂ ತುಟಿ ಬಿಚ್ಚಬಾರದು."

ನೀರಿಗೆ ಹೋದ ಕೆಂಚ ಎರಡನೇ ದಿನವೇ ತೂರಾಡುತ್ತ ಬಂದ.

"ನೀರು ಕುಡಿದ ಮೂತಿಯಾ ಇದು?" ಎಂದಳು ಚೂಟಿ.

"ಏನ್ಮಾಡಲೇ ಚೂಟಿ! ನೀರಿನ ಕೊಡ ಇರೋದು ಅಂಗಡಿಯ ಹಿಂದೆ. ಹೆಂಡದ ಮಡಕೆಗಳ ನಡುವೆಯೇ ಹಾದು ಹೋಗಬೇಕು. ಹೋಗುವಾಗ ಮೂಗು ಮುಚ್ಚಿಕೊಂಡೇ ಹೋದೆ. ಬರುವಾಗ ಎರಡೂ ಕೈಯಲ್ಲಿ ನೀರಿನ ಚಿಪ್ಪು. ಮೂಗು ಯಾರು ಮುಚ್ಚಬೇಕು?"

ಚೂಟಿಗೆ ನಗುವೂ ಬಂತು, ಅಳುವೂ ಬಂತು. ನಾಳೆ ಮರಿಗಳೂ ಅದೇ ದಾರಿಯಲ್ಲಿ ನೀರಿಗೆ ಹೋಗಬೇಕಲ್ಲ! ನೆಟ್ಟಗೆ ಅಂಗಡಿಗೆ ನಡೆದಳು. ನೀರಿಗೆ ಬಂದವರೆಲ್ಲ ಅಲ್ಲೇ ಇದ್ದರು.

"ಜಂಬಣ್ಣ, ನಿನ್ನ ಹೊಟ್ಟೆ ತಣ್ಣಗಿರಲಿ. ಈ ನೀರಿನ ಕೊಡಗಳನ್ನು ಆ ಆಲದ ಮರದ ಕೆಳಗೆ ಇಡೋಣ. ನೀನು ಕೈ ಹಚ್ಚೋದೂ ಬೇಡ, ನಾವೇ ಹೊರುತ್ತೇವೆ."

"ಅಯ್ಯೋ ತಂಗಿ, ಅಲ್ಲಿಟ್ಟರೆ ನನ್ನ ಅಂಗಡಿಗೆ ಯಾರು ಬರ್ತಾರೆ?"

ಆಡಿದ ಮೇಲೆ ಜಂಬಣ್ಣ ನಾಲಿಗೆ ಕಚ್ಚಿಕೊಂಡ. ನವಿಲಪ್ಪನ ಕತ್ತು ಗರಕ್ಕನೆ ತಿರುಗಿತು.

"ಓಹೋ! ನಮ್ಮ ಬಾಯಾರಿಕೆ ನಿನ್ನ ಮಡಕೆಗೆ ಗಿರಾಕಿ ಹಿಡಿಯೋ ಬಲೆಯೇನಣ್ಣ?" ಎಂದಳು ಚೂಟಿ.

ನವಿಲಪ್ಪ ಜಂಬಣ್ಣನ ಕೊರಳಿನಿಂದ ಹಾರ ಬಿಚ್ಚಿಕೊಂಡ.

ಮರುದಿನ ದೊಣೆಯಿಂದ ಆಲದ ಮರದವರೆಗೆ ಎಲ್ಲರೂ ಸಾಲಾಗಿ ನಿಂತು, ಕೈಯಿಂದ ಕೈಗೆ ನೀರು ದಾಟಿಸಿದರು. ಕೆಂಚ ಹೆಂಡತಿಯ ಮಗ್ಗುಲಲ್ಲೇ ನಿಂತ. ಅಂಗಡಿ ಬಣಗುಟ್ಟಿತು.

ಮೂರನೇ ದಿನ ಜಂಬಣ್ಣ ತಲೆ ತಗ್ಗಿಸಿ ಆಲದ ಮರದ ಹತ್ತಿರ ಬಂದ. "ತಂಗಿ, ನಾಚಿಕೆಯಿಂದ ದೊಣೆಯ ಕಡೆ ಬರಲಿಲ್ಲ. ಎಷ್ಟು ಹೆಂಡ ಕುಡಿದರೂ ಬಾಯಾರಿಕೆ ಹೋಗಲಿಲ್ಲ."

ಚೂಟಿ ಚಿಪ್ಪು ತುಂಬಿ ಕೊಟ್ಟಳು. "ಕುಡಿಯಣ್ಣ. ಕುಡಿದು ಸಾಲಿನಲ್ಲಿ ನಿಲ್ಲು. ನಿನ್ನಷ್ಟು ದೊಡ್ಡ ಕೊಡ ಹೊರೋರು ನಮ್ಮಲ್ಲಿ ಇನ್ಯಾರಿದ್ದಾರೆ?"

ನೀತಿ: ಒಂದು ಕೈಯಲ್ಲಿ ಕೆಡುಕು ಮಾರಿ ಇನ್ನೊಂದು ಕೈಯಲ್ಲಿ ದಾನ ಮಾಡುವವರನ್ನು ಹೊಗಳುವ ಮೊದಲು, ಆ ದಾನಕ್ಕೆ ಹೋಗುವ ದಾರಿ ಎಲ್ಲಿ ಹಾದು ಹೋಗುತ್ತದೆ ಎಂದು ನೋಡಿ.