ಹೆದರಿದ ಕೈಯ ಹೊಲಿಗೆ

ನದಿಯೊಂದು ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ, ಮೊಳೆಯಿಲ್ಲದೆ ದೋಣಿ ಕಟ್ಟಬಲ್ಲ ಮುದುಕನೊಬ್ಬನಿದ್ದ. ಹೆಸರು ಜಟ್ಟಪ್ಪ. ಊರಿಗೆಲ್ಲ ಜಟ್ಟಜ್ಜ.

ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಒಂದನ್ನು ಇನ್ನೊಂದಕ್ಕೆ ತೆಂಗಿನ ನಾರಿನ ಹುರಿಯಿಂದ ಹೊಲಿಯುವ ವಿದ್ಯೆ ಅದು. ಮೊಳೆಯ ದೋಣಿ ಬಂದಾಗ ಆ ವಿದ್ಯೆ ಮೂಲೆ ಸೇರಿತು. ಫೈಬರ್ ದೋಣಿ ಬಂದ ಮೇಲೆ ಅದರ ನೆನಪೂ ಅಳಿಯಿತು. ಐವತ್ತು ವರ್ಷಗಳಿಂದ ಹೊಲಿದ ದೋಣಿಯೊಂದೂ ಆ ಅಳಿವೆಯನ್ನು ದಾಟಿರಲಿಲ್ಲ.

ಅಜ್ಜನ ಬೆರಳುಗಳು ಈಗ ಮಡಚುತ್ತಿರಲಿಲ್ಲ. ಬೆರಳಲ್ಲಿದ್ದ ವಿದ್ಯೆಯೆಲ್ಲ ಬಾಯಿಗೆ ಬಂದು ಕೂತಿತ್ತು. ಅದನ್ನು ಮತ್ತೆ ಬೆರಳಿಗೆ ಇಳಿಸಿಕೊಳ್ಳಲು ಬಂದವಳು ಒಬ್ಬಳೇ. ಅವಳು ದುರ್ಗಿ.

ಎರಡು ವರ್ಷ ಅವಳು ಹುರಿ ಹೊಸೆದಳು, ತೂತು ಕೊರೆದಳು. ಮೂರನೆಯ ವರ್ಷ ದೋಣಿ ಎದ್ದು ನಿಂತಿತು. ಬಲಮಗ್ಗುಲನ್ನು ಅಜ್ಜ ಪಕ್ಕದಲ್ಲೇ ಕೂತು ಹೊಲಿಸಿದ. ಎಡಮಗ್ಗುಲನ್ನು ಅವಳೊಬ್ಬಳಿಗೇ ಬಿಟ್ಟುಕೊಟ್ಟ.

ಅಷ್ಟಮಿಯ ದಿನ ಉಬ್ಬರದ ಬಿರುಸು ಕಡಿಮೆ. ಬರುವ ಅಷ್ಟಮಿಗೆ ದೋಣಿ ಅಳಿವೆ ದಾಟಬೇಕು; ಕಡಲ ನಡುವಣ ಬಂಡೆಯ ಮೇಲಿರುವ ಅಮ್ಮನ ಗುಡಿಯಲ್ಲಿ ದೀಪ ಹಚ್ಚಿ ಮರಳಬೇಕು. ಹುಟ್ಟು ಹಾಕುವವರು ನಾಲ್ವರು. ಅವರಲ್ಲೊಬ್ಬ ದುರ್ಗಿಯ ಅಣ್ಣ ಬೊಮ್ಮ.

"ದುರ್ಗೀ, ನಡುಗಡಲಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿ ದಾರ ತಂದಿರ್ತೀಯಲ್ಲ?" ಎಂದು ಬೊಮ್ಮ ದಿನಕ್ಕೊಮ್ಮೆ ಕೇಳುತ್ತಿದ್ದ.

ಕೇಳಿದವರೆಲ್ಲ ನಗುತ್ತಿದ್ದರು. ದುರ್ಗಿಗೆ ನಗು ಬರುತ್ತಿರಲಿಲ್ಲ. ಮಗ್ಗುಲಿನಲ್ಲಿ ಒಂದು ಹೊಲಿಗೆ ಬಿಟ್ಟರೂ ನೀರಿಗೆ ಬೀಳುವವನು ಅವನೇ. ದೋಣಿ ಮುಳುಗಿದರೆ ಆ ಊರಿನಲ್ಲಿ ಇನ್ನು ಯಾರೂ ಹೊಲಿದ ದೋಣಿಗೆ ಕಾಲಿಡುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಅಷ್ಟಮಿಗೆ ಹತ್ತು ದಿನವಿರುವಾಗ ದೋಣಿಯನ್ನು ಮೊದಲ ಸಲ ನದಿಗೆ ಇಳಿಸಿದರು.

ಎಡಮಗ್ಗುಲಿನ ಹೊಲಿಗೆಯ ಸಾಲಿನಲ್ಲಿ ನೀರು ಮಣಿಮಣಿಯಾಗಿ ಮೂಡಿತು. ಮಣಿಗಳು ಕೂಡಿ ಧಾರೆಯಾದವು.

"ಅಜ್ಜ, ಸೋರ್ತಾ ಉಂಟು!"

"ಹೊಸ ದೋಣಿ. ಬಾಯಾರಿಕೆ ಇರ್ತದೆ," ಅಂದ ಅಜ್ಜ. "ನಾಳೆಯಿಂದ ಮೂರು ದಿನ ಮುಳುಗಿಸಿಡು. ಕುಡಿಯಲಿ."

ಅದು ಆ ವಿದ್ಯೆಯ ಪದ್ಧತಿ. ದೋಣಿಗೆ ಕಲ್ಲು ಹೇರಿ ನದಿಯಲ್ಲಿ ಮುಳುಗಿಸುತ್ತಾರೆ. ಮರ ನೀರು ಕುಡಿದು ಊದುತ್ತದೆ. ಊದಿದ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ಸಂದುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ.

ಇದೆಲ್ಲ ದುರ್ಗಿಗೆ ತಿಳಿಯದ್ದಲ್ಲ. ಆದರೂ ಕಣ್ಣಿಗೆ ಆ ಧಾರೆಯೇ ಕಾಣುತ್ತಿತ್ತು. ಧಾರೆಯ ಕೊನೆಯಲ್ಲಿ ಅಣ್ಣನ ಮುಖ ಕಾಣುತ್ತಿತ್ತು.

ದೋಣಿಯನ್ನು ಮತ್ತೆ ದಂಡೆಗೆ ಎಳೆದರು. ಮಧ್ಯಾಹ್ನ ಉಂಡು ಅಜ್ಜ ಚಪ್ಪರದಡಿ ಮಲಗಿದ. ಅವನ ಗೊರಕೆ ಕೇಳಿಸುವವರೆಗೂ ಕಾದು ದುರ್ಗಿ ಹಾರೆ ತಂದಳು. ಹೊಲಿಗೆಯ ಅಡಿಗೆ ಹಾರೆಯ ತುದಿ ತೂರಿಸಿ, ಒಂದೊಂದು ಸುತ್ತನ್ನೂ ಮೀಟಿ ಬಿಗಿದಳು. ಸಂದಿಗೆ ನಾರು ತುರುಕಿ ಉಳಿಯಿಂದ ಬಡಿದಳು. ಇನ್ನಷ್ಟು ತುರುಕಿದಳು.

ಸಂಜೆ ನೀರಿಗಿಳಿಸಿ ನೋಡಿದರೆ ಎಡಮಗ್ಗುಲಿನಲ್ಲಿ ಒಂದು ಹನಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ದೋಣಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಉಗುರಿನಿಂದ ಬಲಮಗ್ಗುಲಿನ ಹೊಲಿಗೆಯನ್ನು ಮೀಟಿದ. ಡುಬ್ ಎಂದಿತು. ಎಡಕ್ಕೆ ಬಂದು ಮೀಟಿದ. ಟಿಣ್ ಎಂದಿತು.

"ತಂಗಿ, ನಿನ್ನೆ ಇಲ್ಲಿ ಯಾರು ಕೂತಿದ್ದರು?"

"ನಾನೇ ಅಜ್ಜ."

"ಅಲ್ಲ. ಇದು ನಿನ್ನ ಕೈ ಅಲ್ಲ. ಯಾರೋ ಹೆದರಿದವರ ಕೈ."

ದುರ್ಗಿ ತಲೆ ತಗ್ಗಿಸಿದಳು. "ಈಗ ಸೋರೋದಿಲ್ಲ," ಅಂದಳು.

"ಹೌದು. ಈಗ ಸೋರೋದಿಲ್ಲ." ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದ. "ಕಲ್ಲು ಹೇರು. ಮುಳುಗಿಸು."

ಮೂರು ದಿನ ದುರ್ಗಿ ದಂಡೆ ಬಿಟ್ಟು ಕದಲಲಿಲ್ಲ. ತಾಯಿ ತಂದುಕೊಟ್ಟ ಗಂಜಿ ತಟ್ಟೆಯಲ್ಲೇ ಆರಿತು. ನೀರು ಮೇಲೆ ಸುಮ್ಮನೆ ಹರಿಯುತ್ತಿತ್ತು. ಅದರಡಿಯಲ್ಲಿ ಮರ ಏನು ಮಾಡುತ್ತಿದೆಯೋ ಕಾಣುತ್ತಿರಲಿಲ್ಲ.

ಎರಡನೆಯ ದಿನ ನದಿಯೊಳಗಿಂದ ಸದ್ದೊಂದು ಬಂತು. ಟಪ್.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.

"ಅಜ್ಜ, ಅದು ಏಡಿಯೋ ಏನೋ ಇರಬೇಕಲ್ಲ?"

ಅಜ್ಜ ಎಲೆಗೆ ಸುಣ್ಣ ಸವರುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ಕಲ್ಲು ಇಳಿಸಿ ದೋಣಿಯನ್ನು ಎತ್ತಿದರು. ಎಡಮಗ್ಗುಲಿನಲ್ಲಿ ಹನ್ನೊಂದು ಹೊಲಿಗೆಗಳು ಹರಿದಿದ್ದವು. ಊದಲು ಜಾಗವಿಲ್ಲದ ಹಲಗೆ, ಒಂದು ತೂತಿನಿಂದ ಇನ್ನೊಂದು ತೂತಿಗೆ, ಗೇಣುದ್ದ ಸೀಳಿತ್ತು. ಬಲಮಗ್ಗುಲು ಹೊಲಿದ ಹಾಗೆಯೇ ಇತ್ತು.

ದುರ್ಗಿ ಮರಳಿನ ಮೇಲೆ ಕುಸಿದು ಕೂತಳು. "ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಜ್ಜ?"

"ಹೇಳಿದ್ದರೆ ನೀನು ಕೇಳ್ತಿದ್ದೆ. ನಿನ್ನ ಕೈ ಕೇಳ್ತಿರಲಿಲ್ಲ."

"ಅಷ್ಟಮಿಗೆ ಇನ್ನು ಆರೇ ದಿನ!"

ಅಜ್ಜ ಅವಳ ಮುಂದೆ ಕತ್ತಿ ಇಟ್ಟ. "ಎಡಮಗ್ಗುಲಿನ ಹೊಲಿಗೆಯನ್ನೆಲ್ಲ ಕೊಯ್ದು ಹಾಕು."

"ಹರಿದದ್ದು ಹನ್ನೊಂದೇ ಅಜ್ಜ."

"ಉಳಿದವು ಹರಿಯಲಿಕ್ಕೆ ಕಾಯ್ತಾ ಇವೆ."

"ಸೀಳಿದ ಹಲಗೆ?"

"ಅದನ್ನೂ ಹೊಲಿ. ಹೊಲಿಯುವವಳು ತಾನೇ ನೀನು?"

ಅವಳು ಕೊಯ್ದಳು. ಮತ್ತೆ ಹೊಲಿಯತೊಡಗಿದಳು. ಪ್ರತಿ ಸುತ್ತಿಗೂ ಕೈ ತಾನಾಗಿಯೇ ಒಂದು ಎಳೆ ಹೆಚ್ಚು ಬಿಗಿಯಲು ಹೋಗುತ್ತಿತ್ತು. ಅಜ್ಜ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ, ಉಗುರಿನಿಂದ ಮೀಟಿ ಕೇಳುತ್ತಿದ್ದ. ಟಿಣ್ ಎಂದರೆ, "ಬಿಚ್ಚು." ಡುಬ್ ಎಂದರೆ ಮಾತಿಲ್ಲ.

ಮೊದಲ ದಿನ ಇಪ್ಪತ್ತು ಹೊಲಿಗೆ ಬಿಚ್ಚಿದಳು. ಮರುದಿನ ಹದಿನಾರು.

"ಹೆದರಿಕೆಯನ್ನು ಬಿಟ್ಟೇಬಿಡಬೇಕಾ ಅಜ್ಜ? ನನ್ನಿಂದ ಆಗ್ತಾ ಇಲ್ಲ."

"ಬಿಡು ಅಂತ ನಾನು ಯಾವಾಗ ಹೇಳಿದೆ? ಕೈಯಿಂದ ತೆಗೆ, ಸಾಕು."

"ತೆಗೆದು ಎಲ್ಲಿಡಲಿ?"

ಅಜ್ಜ ಮುಂದಿನ ಹೊಲಿಗೆಯನ್ನು ಮೀಟಿದ. ಟಿಣ್ ಎಂದಿತು.

"ಬಿಚ್ಚು," ಅಂದ.

ಹೊಲಿದು ಮುಗಿದು ಸಂದಿಗೆ ರಾಳ ಹಚ್ಚುವಾಗ ಐದನೆಯ ದಿನ ಸಂಜೆಯಾಗಿತ್ತು. ದೋಣಿಗೆ ನೀರು ಕುಡಿಯಲು ಒಂದೇ ದಿನ ಸಿಕ್ಕಿತು.

ಅಷ್ಟಮಿಯ ಬೆಳಿಗ್ಗೆ ಊರು ದಂಡೆಯಲ್ಲಿ ನೆರೆದಿತ್ತು. ದೋಣಿ ನೀರಿಗಿಳಿಯಿತು. ಎಡಮಗ್ಗುಲಿನಲ್ಲಿ ನೀರು ಸಣ್ಣಗೆ ಜಿನುಗಿತು.

ದುರ್ಗಿ ದೋಣಿಯ ಅಂಚು ಹಿಡಿದು ನಿಲ್ಲಿಸಿದಳು. "ಇವತ್ತು ಬೇಡ ಅಜ್ಜ. ಇನ್ನೆರಡು ದಿನ ಕುಡಿಯಲಿ."

"ಬಲಮಗ್ಗುಲನ್ನು ನೋಡಿದೆಯಾ?"

ಅವಳು ಬಗ್ಗಿ ನೋಡಿದಳು. ಅಲ್ಲಿಯೂ ಜಿನುಗುತ್ತಿತ್ತು. ಇಷ್ಟು ದಿನಗಳಲ್ಲಿ ಅವಳು ಆ ಕಡೆ ಒಮ್ಮೆಯೂ ನೋಡಿರಲಿಲ್ಲ.

ಅಷ್ಟರಲ್ಲಿ ಅಜ್ಜ ಪಂಚೆಯನ್ನು ಮೇಲೆ ಕಟ್ಟಿ ದೋಣಿ ಹತ್ತಿದ್ದ. ಎಡಮಗ್ಗುಲಿಗೆ, ಸೀಳಿದ ಹಲಗೆಯನ್ನು ಹೊಲಿದಿದ್ದ ಕಡೆಗೇ, ಬೆನ್ನು ಕೊಟ್ಟು ಕೂತ.

"ಅಜ್ಜ, ನೀವು ಬರಬೇಡಿ! ದಂಡೆಯಲ್ಲಿರಿ."

"ಯಾಕೆ? ನನಗೆ ಮಾತ್ರ ಅಮ್ಮ ಬೇಡವಾ?"

ಹುಟ್ಟು ಹಿಡಿದಿದ್ದ ಬೊಮ್ಮ ಕೇಳಿದ: "ಅಜ್ಜ, ಈಜಲಿಕ್ಕೆ ಈಗಲೂ ಬರ್ತದಾ?"

"ಮುಳುಗಲಿಕ್ಕೆ ಬರ್ತದೆ. ನೀನು ಹುಟ್ಟು ಹಾಕು ಮಾರಾಯ."

ಅಜ್ಜ ಮಡಿಲಿನಿಂದ ದೊಡ್ಡದೊಂದು ತೆಂಗಿನ ಕರಟ ತೆಗೆದು ದುರ್ಗಿಯತ್ತ ಚಾಚಿದ. ನೀರು ಮೊಗೆಯುವ ಕರಟ. ಅವಳು ಅದನ್ನು ತೆಗೆದುಕೊಂಡು ದೋಣಿ ಹತ್ತಿದಳು.

ನದಿ ಮುಗಿದು ಅಳಿವೆ ಬಂತು. ಮೊದಲ ಅಲೆ ದೋಣಿಯನ್ನು ಎತ್ತಿತು. ಹಲಗೆಗಳು ಮೀನಿನ ಹೊಟ್ಟೆಯ ಹಾಗೆ ಬಾಗಿದವು. ಹುರಿಗಳೆಲ್ಲ ಒಟ್ಟಿಗೆ ನರಳಿದವು. ಹುರಿ ಎಳೆದುಕೊಂಡಿತು, ಮತ್ತೆ ಸಡಿಲವಾಯಿತು. ಹರಿಯಲಿಲ್ಲ.

ಎರಡನೆಯ ಅಲೆಗೆ ನೀರು ಒಳಗೆ ಬಿತ್ತು. ಅವಳು ಮೊಗೆದಳು. ಕಣ್ಣು ಎಡಮಗ್ಗುಲಿನ ಸಾಲಿನ ಮೇಲೆ, ಕೈ ಕರಟದ ಮೇಲೆ. ಮೊಗೆದು ಚೆಲ್ಲಿದಳು, ನೋಡಿದಳು, ಮತ್ತೆ ಮೊಗೆದಳು.

ಮೂರನೆಯ ಅಲೆ ಎಲ್ಲಕ್ಕಿಂತ ದೊಡ್ಡದು. ಅದರ ನೆತ್ತಿಯಿಂದ ದೋಣಿ ಜಾರಿ ಇಳಿದಾಗ ಬೊಮ್ಮ ಕೂಡ ತಮಾಷೆ ಮರೆತು, "ಅಮ್ಮಾ!" ಎಂದು ಕೂಗಿದ.

ದುರ್ಗಿ ಅಜ್ಜನ ಕಡೆ ತಿರುಗಿದಳು.

ಅಜ್ಜ ಕಣ್ಣು ಮುಚ್ಚಿದ್ದ. ಬಾಯಿ ಅರೆತೆರೆದಿತ್ತು. ತಲೆ ಒಂದು ಕಡೆಗೆ ವಾಲಿತ್ತು. ಹೊಲಿಗೆಯಿಂದ ಇಳಿದ ನೀರು ಅವನ ಭುಜದ ಮೇಲಿಂದ ಹರಿಯುತ್ತಿತ್ತು.

ಅವಳು ಕರಟ ಬಿಟ್ಟಳು. ತೆವಳಿಕೊಂಡು ಹೋಗಿ ಅವನ ಮೂಗಿನ ಬಳಿ ಬೆರಳು ಹಿಡಿದಳು.

ಬೆಚ್ಚಗಿನ ಉಸಿರು. ಅದರ ಹಿಂದೆಯೇ ಒಂದು ಗೊರಕೆ.

ಅವಳು ತನ್ನ ಜಾಗಕ್ಕೆ ಮರಳಿ, ಬಂಡೆ ತಲುಪುವವರೆಗೆ ಮೊಗೆಯುತ್ತಲೇ ಇದ್ದಳು.

ಬೊಮ್ಮ ಮೊದಲು ನೆಗೆದು ಹಗ್ಗ ಕಟ್ಟಿದ. ಉಳಿದವರು ಎಣ್ಣೆ ಬತ್ತಿ ಹಿಡಿದು ಗುಡಿಯ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿನಲ್ಲಿ ಮೇಲೆ ಗಂಟೆಯ ಸದ್ದಾಯಿತು. ಅಜ್ಜ ಕಣ್ಣು ತೆರೆದು, "ಬಂದೆವಾ?" ಅಂದ.

ದುರ್ಗಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. "ಅಳಿವೆಯಲ್ಲಿ ನಿದ್ದೆ ಮಾಡಿದಿರಲ್ಲ ಅಜ್ಜ! ನನ್ನ ಹೊಲಿಗೆ ಸೋರ್ತಾ ಇತ್ತು. ನಿಮಗೆ ಗೊತ್ತೇ ಆಗಲಿಲ್ಲವಾ?"

ಅಜ್ಜ ಹೆಗಲ ಮೇಲಿನ ವಸ್ತ್ರವನ್ನು ಅಂಗೈಯಿಂದ ಒತ್ತಿದ. ನೀರು ಇಳಿಯಿತು.

"ಬೆನ್ನೆಲ್ಲ ಒದ್ದೆ. ಗೊತ್ತಾಗದೆ ಇರ್ತದಾ?"

"ಮತ್ತೆ ನಿದ್ದೆ ಹೇಗೆ ಬಂತು?"

"ನೀನು ಎಚ್ಚರ ಇದ್ದೆಯಲ್ಲ ತಂಗಿ."