ಉಣ್ಣದೆ ತೇಗಿದವಳು

“ಗುರುಗಳೇ, ಸೊಪ್ಪು ತಿನ್ನು, ಕಾಳು ತಿನ್ನು, ತವುಡು ತೆಗೆಯದ ಅಕ್ಕಿಯ ಅನ್ನ ಉಣ್ಣು ಎಂದು ವೈದ್ಯರು ಪ್ರಾಣ ತಿನ್ನುತ್ತಾರೆ. ನಾಲಿಗೆಗೆ ಬೇಡದ್ದನ್ನು ನಾನು ಯಾರಿಗಾಗಿ ತಿನ್ನಲಿ?” ಎಂದು ಶಿಷ್ಯೆ ಕೇಳಿದಳು.

ಗುರು ಹೇಳಿದರು:

ವ್ಯಾಪಾರಕ್ಕೆಂದು ಊರೂರು ಅಲೆಯುವ ಒಬ್ಬ ಹೆಂಗಸು ದಾರಿ ತಪ್ಪಿ, ನಡುಮಧ್ಯಾಹ್ನ ಒಬ್ಬ ರೈತ ಹೆಂಗಸಿನ ಅಂಗಳದಲ್ಲಿ ಬಂದು ನಿಂತಳು. ಏಳು ಕೆರೆ ನೀರು ಕುಡಿದವಳು. ಹೋದಲ್ಲೆಲ್ಲ ಬಿಳಿ ಅನ್ನ, ತುಪ್ಪ, ಹೋಳಿಗೆ ಬಿಟ್ಟು ಬೇರೆ ಮುಟ್ಟಿದವಳಲ್ಲ. ಈಗ ಸಕ್ಕರೆ ಕಾಯಿಲೆ ಏರಿ ಅಂಗಾಲು ಜೋಮು ಹಿಡಿದಿತ್ತು. ತಿರುಗಾಟ ನಿಂತರೆ ತಾನೂ ನಿಂತಂತೆಯೇ ಎಂಬ ಭಯ ಅವಳಿಗೆ.

“ಗುಡ್ಡದ ವೈದ್ಯರ ಮನೆಗೆ ಯಾವ ಕಡೆ ಹೋಗಬೇಕು, ತಾಯಿ?”

“ದಾರಿ ಎಲ್ಲಿಗೂ ಓಡಿಹೋಗಲ್ಲ. ಉಣ್ಣೋ ಹೊತ್ತಿಗೆ ಬಂದಿದ್ದೀಯ, ಕೂತ್ಕೋ ಅಕ್ಕ,” ಎಂದು ರೈತ ಹೆಂಗಸು ಜಗಲಿಯ ಮೇಲೆ ರಾಗಿಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ ಬಡಿಸಿದಳು.

ವ್ಯಾಪಾರಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮನೆಯವಳು ನೀರು ತರಲು ಒಳಗೆ ಹೋದದ್ದೇ ತಡ, ತಟ್ಟೆಯಲ್ಲಿದ್ದದ್ದನ್ನೆಲ್ಲ ಜಗಲಿಯ ಪಕ್ಕ ಕಟ್ಟಿದ್ದ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು. ಉಂಡವರು ತೇಗದಿದ್ದರೆ ಬಡಿಸಿದವರಿಗೆ ಸಮಾಧಾನವಿಲ್ಲ. ಅದು ಗೊತ್ತಿದ್ದವಳು, ಮನೆಯವಳು ಹೊರಗೆ ಬರುತ್ತಲೇ ಊರಿಗೆಲ್ಲ ಕೇಳುವಂತೆ ತೇಗಿದಳು. ಮನೆಯವಳು ದಾರಿ ತೋರಿಸಿ ಕಳಿಸಿದಳು.

ವೈದ್ಯ ನಾಡಿ ಹಿಡಿದ, ಊಟತಿಂಡಿಯ ಸುದ್ದಿಯನ್ನೆಲ್ಲ ಕೇಳಿದ. “ನಿನ್ನ ಕರುಳಿನಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ. ನಿನಗೆ ಅರಗದ ಸೊಪ್ಪುಕಾಳುಗಳ ನಾರೇ ಅವುಗಳ ಅನ್ನ. ಅವು ಉಂಡರೆ ನಿನ್ನ ಮೈಯ ಸಕ್ಕರೆಯನ್ನು ಹದದಲ್ಲಿಡಲು ಕೈಜೋಡಿಸುತ್ತವೆ. ನಿನ್ನ ಹೋಳಿಗೆ ಅವುಗಳ ತನಕ ಹೋಗುವುದೇ ಇಲ್ಲ. ಮದ್ದು ಕೊಡುತ್ತೇನೆ, ಆದರೆ ಮದ್ದೊಂದೇ ಸಾಲದು. ಗುಡ್ಡದ ಕೆಳಗೆ, ಎಮ್ಮೆ ಕಟ್ಟಿದ ಮನೆಯಲ್ಲಿ ಒಬ್ಬ ರೈತ ಹೆಂಗಸಿದ್ದಾಳೆ. ಒಂದು ತಿಂಗಳು ಅವಳ ಕೈಯೂಟ ಮಾಡು,” ಎಂದ.

ವ್ಯಾಪಾರಿಯ ಮುಖ ಕಪ್ಪಿಟ್ಟಿತು. ಬೇರೆ ಮನೆ ಹೇಳಿ ಎನ್ನಲು ಬಾಯಿ ಬರಲಿಲ್ಲ. ಹಾಗೆಂದರೆ ಕಾರಣವನ್ನೂ ಹೇಳಬೇಕಿತ್ತು.

ಮರುದಿನ ಅವಳು ಹೋದಾಗ ರೈತ ಹೆಂಗಸು ಎಮ್ಮೆಯ ಮೈ ತೊಳೆಯುತ್ತಿದ್ದಳು.

“ಬಾರಕ್ಕ. ನಿನ್ನೆಯಿಂದ ನಂಗೊಂದು ಯೋಚನೆ. ಉಂಡಿದ್ದು ನಮ್ಮೆಮ್ಮೆ, ತೇಗಿದ್ದು ನೀನು. ಅದು ಹೆಂಗೆ?”

ವ್ಯಾಪಾರಿ ಕೈ ಮುಗಿದಳು. “ತಪ್ಪಾಯ್ತು ತಾಯಿ. ಉಂಡ ಮನೆಗಳ ಋಣ ಎಷ್ಟೋ ತೀರಿಸಿದ್ದೇನೆ. ಉಣ್ಣದ ಮನೆಯ ಋಣ ಇದೇ ಮೊದಲು,” ಎಂದಳು.

ರೈತ ಹೆಂಗಸು ಕೈ ತೊಳೆದು ಬಡಿಸಿದಳು. ಇವಳು ಕೊನೆಯ ತುತ್ತಿನವರೆಗೂ ತಲೆ ಎತ್ತದೆ ಉಂಡು, ಆ ಋಣ ತೀರಿಸಿದಳು.

ಗುರು ಅಲ್ಲಿಗೆ ನಿಲ್ಲಿಸಿದರು.

“ಅವಳದೇನೋ ತೀರಿತು. ನಾನು ಯಾರು ಬಡಿಸಿದ ಅನ್ನವನ್ನೂ ಚೆಲ್ಲಿದವಳಲ್ಲವಲ್ಲ?” ಎಂದಳು ಶಿಷ್ಯೆ.

“ನಿನ್ನೊಳಗೆ ಪಂಕ್ತಿ ಹಿಡಿದು ಕೂತ ಆ ಕೋಟಿ ಜೀವಗಳ ಮುಂದೆ ಬರೀ ಎಲೆ ಹಾಸಿ, ನೀನೊಬ್ಬಳೇ ಉಂಡು ಎಷ್ಟು ಸಲ ಕೈ ತೊಳೆದೆ, ಮಗಳೇ?”