ರೆಕ್ಕೆಯ ತುದಿಯ ಬೊಟ್ಟು

"ಗುರುಗಳೇ, ಹುಳ ಹೇಗೆ ಹಾರುತ್ತದೆಂಬ ಗುಟ್ಟನ್ನು ಮನುಷ್ಯ ಒಡೆದಿದ್ದಾನೆ. ಅದನ್ನೇ ನೋಡಿ ಯಂತ್ರ ಮಾಡಿ ಹಾರಿಸುತ್ತಿದ್ದಾನೆ. ಇನ್ನು ಹುಳವನ್ನು ಕಂಡು ದೇವರ ಸೃಷ್ಟಿಯೆಂದು ಕೈಮುಗಿಯುವುದರಲ್ಲಿ ಏನು ಉಳಿಯಿತು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ಯಂತ್ರ ಹಾರಿಸಿದವನು ಯಾರೋ. ನೆಲ ಬಿಟ್ಟವನು ಮಾತ್ರ ನೀನು. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಕಮರಿಯ ಎರಡು ದಡದಲ್ಲಿ ಎರಡು ಊರುಗಳಿದ್ದವು. ನಡುವೆ ಇದ್ದದ್ದು ಒಂದೇ ಹಗ್ಗದ ಸೇತುವೆ. ಬಿರುಗಾಳಿಗೆ ಅದು ಹರಿದು ಬಿತ್ತು. ಕೆಳಗೆ ಹೊಳೆ ಉಕ್ಕುತ್ತಿತ್ತು, ಇಳಿದು ದಾಟುವಂತಿರಲಿಲ್ಲ. ಈಚೆಯ ಊರಿನಲ್ಲಿ ಒಬ್ಬ ಬಡಗಿಯಿದ್ದ. ಅವನ ಮಗಳನ್ನು ಆಚೆಯ ಊರಿಗೆ ಕೊಟ್ಟಿತ್ತು. ಅವಳಿಗೆ ದಿನ ತುಂಬಿತ್ತು, ಚೊಚ್ಚಲ ಹೆರಿಗೆ. ಎರಡೂ ಊರಿಗೆ ಇದ್ದ ಒಬ್ಬಳೇ ಸೂಲಗಿತ್ತಿ ಈಚೆಯ ದಡದಲ್ಲಿ ಸಿಕ್ಕಿಕೊಂಡಿದ್ದಳು.

ಒಂದು ದಾರ ಆಚೆ ಮುಟ್ಟಿದರೆ ಸಾಕಿತ್ತು. ದಾರದ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ ಎಳೆದುಕೊಂಡು, ಅದಕ್ಕೆ ಬುಟ್ಟಿ ಕಟ್ಟಿ ಸೂಲಗಿತ್ತಿಯನ್ನು ದಾಟಿಸಬಹುದಿತ್ತು. ಆದರೆ ಕಮರಿಯದು ಸುಳಿಗಾಳಿ. ಬಾಣ ಬಿಟ್ಟರೆ ಅಡ್ಡ ಹೋಯಿತು, ಗಾಳಿಪಟ ಬಿಟ್ಟರೆ ಬಂಡೆಗೆ ಬಡಿಯಿತು. ಬಡಗಿ ತಲೆಯ ಮೇಲೆ ಕೈಹೊತ್ತು ಕೂತ. ಅದೇ ಗಾಳಿಯಲ್ಲಿ ಒಂದು ಹುಳ ನಾಲ್ಕು ರೆಕ್ಕೆ ಹರಡಿಕೊಂಡು ಸಲೀಸಾಗಿ ತೇಲಿಹೋಯಿತು. ಈಗ ಮಕ್ಕಳು ಏರೋಪ್ಲೇನ್ ಚಿಟ್ಟೆ ಅನ್ನುತ್ತಾರಲ್ಲ, ಆ ಹುಳ. ತಾತನನ್ನು ಮೊಮ್ಮಗನ ಹೆಸರಿನಿಂದ ಕರೆದ ಹಾಗಾಯಿತು, ಇರಲಿ.

ಬಡಗಿ ಕೆರೆಯ ಏರಿಯಲ್ಲಿ ಸತ್ತುಬಿದ್ದಿದ್ದ ಅಂಥದೊಂದು ಹುಳವನ್ನು ಹುಡುಕಿ ತಂದ. ಅದರ ರೆಕ್ಕೆಯ ಒಂದೊಂದು ಗೆರೆಯನ್ನೂ ನೋಡಿ, ಬಿದಿರಿನ ಸೀಳಿನಲ್ಲಿ ನಾಲ್ಕು ದೊಡ್ಡ ರೆಕ್ಕೆ ಕಟ್ಟಿ, ಎಣ್ಣೆ ಹಚ್ಚಿದ ಕಾಗದ ಹೊದಿಸಿದ. ಹುಳದ ಪ್ರತಿ ರೆಕ್ಕೆಯ ತುದಿಯಲ್ಲೂ ಒಂದು ಕಪ್ಪು ಬೊಟ್ಟಿತ್ತು. ಅದನ್ನು ಕಂಡು ಅವನ ಕಣ್ಣು ತುಂಬಿತು.

"ನೋಡವ್ವ, ದೇವ್ರೂ ತನ್ನ ಕೂಸಿಗೆ ದೃಷ್ಟಿಬೊಟ್ಟು ಇಟ್ಟವ್ನೆ" ಎಂದು ಪಕ್ಕದಲ್ಲಿದ್ದ ಸೂಲಗಿತ್ತಿಗೆ ತೋರಿಸಿದ.

"ಹೆತ್ತೋರು ಇಡ್ದೆ ಇರ್ತಾರಾ? ನೀನೂ ಇಡು" ಎಂದಳು ಅವಳು. ಊರಲ್ಲಿ ಹುಟ್ಟಿದ ಕೂಸಿಗೆಲ್ಲ ಮೊದಲ ಬೊಟ್ಟು ಅವಳ ಕೈಯದೇ. ಗಂಟು ಬಿಚ್ಚಿ ಕಾಡಿಗೆ ಕೊಟ್ಟಳು. ಬಡಗಿ ನಾಲ್ಕು ರೆಕ್ಕೆಗೂ ಬೊಟ್ಟಿಟ್ಟು, ಭಕ್ತಿಯಿಂದ ಕೈಮುಗಿದು, ದಾರ ಕಟ್ಟಿ ಹಾರಿಬಿಟ್ಟ.

ಅರ್ಧ ಕಮರಿ ದಾಟುವಷ್ಟರಲ್ಲಿ ರೆಕ್ಕೆಗಳು ಪಟಪಟನೆ ನಡುಗಿ ಮುರಿದವು. ಇನ್ನೊಂದು ಕಟ್ಟಿದ. ಕಾಡಿಗೆಯನ್ನು ಇನ್ನೂ ಕಪ್ಪಗೆ ಹಚ್ಚಿದ, ಇನ್ನೂ ಹೆಚ್ಚು ಹೊತ್ತು ಕೈಮುಗಿದ. ಅದೂ ಮುರಿಯಿತು. ಅಷ್ಟರಲ್ಲಿ ಆಚೆಯ ದಡದಿಂದ ಅಳಿಯ ಕೂಗಿಕೊಂಡ. ಮಗಳಿಗೆ ನೋವು ಶುರುವಾಗಿತ್ತು.

ಬಡಗಿಗೆ ದೇವರ ಮೇಲೆ ಸಿಟ್ಟು ಬಂತು. "ನಿನ್ನ ಬೊಟ್ಟಾದ್ರೆ ಕಾಯ್ತದೆ, ನನ್ನದು ಕಾಯಲ್ವಾ?" ಎಂದು ಸತ್ತ ಹುಳದ ಬೊಟ್ಟನ್ನು ಉಗುರಿನಿಂದ ಕೆರೆದ. ಅದು ಅಳಿಸಿಹೋಗಲಿಲ್ಲ, ಉಗುರಿಗೆ ತಡೆಯಿತು. ಮತ್ತೆ ಸವರಿ ನೋಡಿದ. ರೆಕ್ಕೆಯೆಲ್ಲ ಈರುಳ್ಳಿ ಸಿಪ್ಪೆಯಷ್ಟು ತೆಳು, ಬೊಟ್ಟಿನ ಜಾಗ ಮಾತ್ರ ದಪ್ಪ. ಗಾಳಿಗೆ ನಡುಗದಂತೆ ರೆಕ್ಕೆಯ ತುದಿಯನ್ನು ಹಿಡಿದಿಡುವ ಒಂದು ಚೂರು ಭಾರ ಅದು.

ಬಡಗಿ ಮೂರನೆಯದನ್ನು ಕಟ್ಟಿದ. ಅರಗು ಕರಗಿಸಿ ಅದೇ ಜಾಗಗಳಲ್ಲಿ ಒಂದೊಂದು ಹನಿ ಬಿಟ್ಟ. ಕೈಮುಗಿಯುವುದಕ್ಕೆ ಪುರುಸೊತ್ತಿರಲಿಲ್ಲ. ಈ ಸಲ ರೆಕ್ಕೆ ನಡುಗಲಿಲ್ಲ, ದಾರ ಆಚೆ ಮುಟ್ಟಿತು. ಸೂಲಗಿತ್ತಿ ಬುಟ್ಟಿಯಲ್ಲಿ ಕೂತು, ದಾರಿಯುದ್ದಕ್ಕೂ ಬಡಗಿಯನ್ನು ಬೈಯುತ್ತಾ ದಾಟಿದಳು. ಹೊತ್ತು ಮುಳುಗುವ ಮೊದಲು ಅಳಿಯ ಮತ್ತೆ ಕೂಗಿದ: "ಮಾವ, ಇಬ್ರೂ ಚೆನ್ನಾಗವ್ರೆ!"

ಊರಿನವರು ಬಡಗಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. "ಇನ್ಮೇಲೆ ನಿನಗೇ ಕೈಮುಗೀಬೇಕು ಕಣಯ್ಯ" ಎಂದರು. ಅವನು ಅವರಿಂದ ತಪ್ಪಿಸಿಕೊಂಡು ಕೆರೆಯ ಏರಿಗೆ ಹೋದ. ನೀರಿನ ಮೇಲೆ ಹುಳಗಳು ಹಾರುತ್ತಿದ್ದವು. ಬಡಗಿ ಕೈಮುಗಿದು ನಿಂತ. ಹುಳಗಳೆಲ್ಲ ಜೊಂಡಿನ ಮೇಲೆ ಕೂತ ಮೇಲೂ ನಿಂತೇ ಇದ್ದ.

"ಗುಟ್ಟು ಗೊತ್ತಾದ ಮೇಲೂ ಕೈಮುಗಿದನೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಗೊತ್ತಾಗುವ ಮೊದಲು ಅವನು ಕೈಮುಗಿದದ್ದು ಕಾಡಿಗೆಗೆ."